ಉಗ್ರಾಣದ ಪುಸ್ತಕದಲ್ಲಿ ಮರಿ

ಇನ್ನೂರು ಹುಡುಗರ ಹೊಟ್ಟೆ ನನ್ನ ಕೈಯಲ್ಲಿದೆ
ಹತ್ತೊಂಬತ್ತು ವರ್ಷದಿಂದ.
ಮಂಡ್ಯದ ಗುತ್ತಲು ರಸ್ತೆಯ ಈ ಹಾಸ್ಟೆಲ್ಲಿನಲ್ಲಿ
ಮುದ್ದೆ ಗಂಟಾದ ದಿನಗಳನ್ನು ಬೆರಳಲ್ಲಿ ಎಣಿಸಬಹುದು.
ಅಂಥ ನನ್ನನ್ನು
ನಿಂಬೆಹಣ್ಣಿನಷ್ಟು ಒಂದು ಹೊಟ್ಟೆ
ಸೋಲಿಸಿ ಕೂರಿಸಿತು.

ಸಿಲಿಂಡರುಗಳ ಸಂದಿಯಲ್ಲಿ ಸಿಕ್ಕಿತು,
ಬೂದಿ ಬಣ್ಣ, ಒಂದು ಕಿವಿ ಮಡಚಿಕೊಂಡು.
ಹಾಲಿಟ್ಟೆ. ಯಾರಾದರೂ ಅದನ್ನೇ ಇಡುವುದು.
ಕಣ್ಣು ಮುಚ್ಚಿಕೊಂಡೇ ಕುಡಿಯಿತು, ಗಾದೆಯಲ್ಲಿರುವ ಹಾಗೇ.
ರಾತ್ರಿಯಿಡೀ ನೀರು ನೀರು.
ಗಾದೆ ಕಟ್ಟಿದವರು ಯಾರೋ,
ಬೆಳಿಗ್ಗೆ ನೆಲ ಒರೆಸಿದವರಲ್ಲ.

ದನದ ಆಸ್ಪತ್ರೆಯ ಸಾಲಿನಲ್ಲಿ ನಿಂತೆ.
ಮುಂದೆ ಒಂದು ಸೀಮೆಹಸು, ಹಿಂದೆ ಎರಡು ಬನ್ನೂರು ಕುರಿ,
ನಡುವೆ ಸೆರಗಿನಲ್ಲಿ ನನ್ನ ರೋಗಿ.
ಕಾಂಪೌಂಡರ್ ಚೆಲುವರಾಜು ಹೊಟ್ಟೆ ಒತ್ತಿ ನೋಡಿ ಅಂದ:
"ಒಂದ್ಸಲಕ್ಕೆ ಒಂದೇ ಪದಾರ್ಥ ಕೊಡಕ್ಕ, ಮೂರು ದಿನ ನೋಡು.
ಹಳೇದು ಮುಕ್ಕಾಲು, ಹೊಸದು ಕಾಲು,
ಹಂಗೇ ಬೆರಸ್ಕಂಡು ಹೋಗು.
ಬರ್ದಿಡು, ಮರ್ತೋಯ್ತದೆ.
ಸಾಕ್ತೀಯೋ, ಇಲ್ಲ ಸಾಕೋ?"
ಎರಡಕ್ಕೂ ಒಂದೇ ಮಾತು ನಮ್ಮಲ್ಲಿ.
ನಾನು ಸೆರಗು ಬಿಗಿ ಮಾಡಿಕೊಂಡೆ.

ಬರೆಯಲು ನನ್ನ ಹತ್ತಿರ ಇರುವುದು ಒಂದೇ ಪುಸ್ತಕ, ಉಗ್ರಾಣದ್ದು.
ಅಕ್ಕಿ ಮೂವತ್ತೆಂಟು ಕೆಜಿ. ತೊಗರಿಬೇಳೆ ಒಂಬತ್ತು.
ಅದರ ಕೆಳಗೆ ಸಣ್ಣಗೆ:
ಮರಿ. ಗಂಜಿ, ಒಂದು ಚಮಚ. ಮೂಸಿತು. ಹೋಯಿತು.
ಮರಿ. ಮೊಸರನ್ನ, ಕಿವುಚಿ. ತಿಂದಿತು. ಕಕ್ಕಿತು.
ಮರಿ. ನಾಲೆಯ ಜಿಲೇಬಿ ಮೀನು, ಮುಳ್ಳು ತೆಗೆದು. ಬಹಳ ಇಷ್ಟ.
ಭೇದಿ, ಬರೆಯಬಾರದಷ್ಟು ಸಲ.

ಅಂಗಡಿಯ ಪ್ಯಾಕೆಟ್ಟನ್ನೂ ತಂದೆ, ಒಂದು ದಿನದ ಸಂಬಳ ಕೊಟ್ಟು.
ಅದರ ಮೇಲಿನ ಬೆಕ್ಕಿಗೆ ಪಾಳೇಗಾರನ ಗತ್ತು.
ನನ್ನದು ಒಂದು ಕಾಳನ್ನು ಗೋಲಿಯಾಡಿ
ಒಲೆಯ ಕೆಳಕ್ಕೆ ಉರುಳಿಸಿ ಬಂತು.

ಉಳಿದದ್ದು ಕೋಳಿ. ಬೇಯಿಸು, ಉಪ್ಪು ಬೇಡ, ಅರಿಶಿನ ಬೇಡ.
ಹೇಳಿದಷ್ಟು ಸುಲಭವೇ?
ನನ್ನ ಬಲಗೈ ನನ್ನನ್ನು ಕೇಳದೆ
ಉಪ್ಪಿನ ಡಬ್ಬಿಗೆ ಹೋಗುತ್ತದೆ,
ಎಡಗೈಯಿಂದ ಹಿಡಿದು ನಿಲ್ಲಿಸಿದೆ.
ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ
ಅಂತಾರೆ.
ಎರಡೂ ಇಲ್ಲದ್ದು
ಪಾತ್ರೆಯ ಪಕ್ಕ ಕೂತು ಆವಿ ನೋಡುತ್ತಿತ್ತು.

ಯಮನೂರ, ಸಿಂಧನೂರಿನ ಕಡೆಯ ಹುಡುಗ,
ಬಂದ ಹೊಸತರಲ್ಲಿ ಮುದ್ದೆಯನ್ನು ಅಗಿದು ಅಗಿದು
ಕಣ್ಣಲ್ಲಿ ನೀರು ತಂದುಕೊಂಡಿದ್ದ.
"ನುಂಗಪ್ಪ, ಅಗೀಬ್ಯಾಡ" ಎಂದು
ಸಾರಿಗೆ ಅದ್ದಿ ತೋರಿಸಿದ್ದೆ, ಮೊದಲು ಹುಣಸೆಬೀಜದಷ್ಟು.
ತಟ್ಟೆಯ ಬದಿಗೆ ಒಂದು ತಿಂಗಳು ಜೋಳದ ರೊಟ್ಟಿಯೂ ಇರುತ್ತಿತ್ತು.
ಆಗ ನನಗೆ ಯಾವ ಕಾಂಪೌಂಡರೂ ಹೇಳಿರಲಿಲ್ಲ.
ಈ ಭಾನುವಾರ ತನ್ನ ಪಾಲಿನ ಮೊಟ್ಟೆಯ ಹಳದಿ ಹಿಡಿದು ಬಂದ:
"ಅಕ್ಕಾ, ಇದನ್ನ ಹಾಕಿ ನೋಡ್ರಿ."
ಬೇಡಪ್ಪ, ಒಂದ್ಸಲಕ್ಕೆ ಒಂದೇ, ಅಂದೆ.
ನಿಂತೇ ಇದ್ದ.
ಆಮೇಲೆ ತಾನೇ ತಿಂದ, ಮರಿಗೆ ಬೆನ್ನು ಮಾಡಿ.

ಕೋಳಿಯ ಎಸಳು, ಬೆಂದ ಸಿಹಿಗುಂಬಳ ಬೆರಳ ತುದಿಯಷ್ಟು.
ಬುಧವಾರ ಮೆತ್ತಗೆ. ಗುರುವಾರ ಹಾಗೇ.
ಶುಕ್ರವಾರ ಬೆಳಿಗ್ಗೆ ಐದಕ್ಕೆ, ಮುದ್ದೆಗೆ ಎಸರಿಡುವ ಮೊದಲು,
ಮರಳಿನ ತಟ್ಟೆಯ ಮುಂದೆ ಟಾರ್ಚು ಹಿಡಿದು ಕುಕ್ಕರುಗಾಲಲ್ಲಿ ಕೂತೆ.
ಬರೆದೆ: ಮರಿ. ಗಟ್ಟಿ.
ದೇವರ ಪಟಕ್ಕೆ ಕೈ ಮುಗಿಯೋಣವೆಂದು ಎದ್ದವಳು
ಕೈ ತೊಳೆದಿಲ್ಲವೆಂದು ನೆನಪಾಗಿ ನಿಂತೆ.

ಸೋಮವಾರ ಸಾಹೇಬರು ತಪಾಸಣೆಗೆ ಬಂದರು.
ಪುಟ ತಿರುವುತ್ತ,
"ಈ ಮರಿ ಅನ್ನೋದು ಯಾವ ಸಾಮಾನಮ್ಮ? ಎಷ್ಟು ದಾಸ್ತಾನಿದೆ?"
"ಒಂದು ಸಾರ್."
ಹಸಿರು ಶಾಯಿಯಲ್ಲಿ 'ಸರಿಯಿದೆ' ಬರೆದು ಸಹಿ ಹಾಕಿದರು.

ಮೇಜಿನ ಕೆಳಗೆ ದಾಸ್ತಾನು
ಅವರ ಬೂಟಿನ ದಾರಕ್ಕೆ ಹಲ್ಲು ಹಾಕಿ ನೋಡುತ್ತಿತ್ತು.
ಹಳೇದು ಮುಕ್ಕಾಲು.
ಹೊಸದು, ಕಾಲು.